ಸೊಳ್ಳೆಯ ಮೈಲೇಪವೂ ಶ್ರೀರಂಗಪಟ್ಟಣದ ಜ್ವರವೂ: ಒಂದು ವಿಮರ್ಶೆ

1799ರ ಮೇ 4ರಂದು ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾದ ಮೇಲೆ ಅಲ್ಲಿ ನೆಲೆಸಿದ ದಂಡು ಜ್ವರಪೀಡೆಯಿಂದ ನರಳಿ, 1809ರಲ್ಲಿ ಬೆಂಗಳೂರಿಗೆ ಸಾಗಿತೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಆ ಕಾಲದವರು ಕೆಟ್ಟ ಗಾಳಿಯನ್ನು ದೂರಿದರು. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ನಡೆಸಿದ ಶೋಧನೆಯ ಬಳಿಕ ನಾವು ಸೊಳ್ಳೆಯನ್ನು ದೂರುತ್ತೇವೆ. ಆದರೆ ಯಾವ ಸೊಳ್ಳೆ? ಕೀಟದ ಹೊರಮೈಯ ರಾಸಾಯನಿಕಗಳಿಂದ ಇದಕ್ಕೆ ಉತ್ತರ ದೊರೆತೀತೇ ಎಂಬುದು ಇಲ್ಲಿಯ ವಿಚಾರ.

ಕೀಟಗಳ ಮೈಮೇಲೆ ಮೇಣದಂತಹ ತೆಳುವಾದ ಲೇಪವುಂಟು. ದೇಹದ ನೀರು ಆರದಂತೆ ಕಾಯುವ ಈ ಲೇಪದಲ್ಲಿ ಉದ್ದ ಸರಪಣಿಯ ಹೈಡ್ರೋಕಾರ್ಬನ್‌ಗಳು ಹೇರಳ. ಕೀಟವನ್ನು ಹೆಕ್ಸೇನಿನಲ್ಲಿ ಅದ್ದಿ, ಆ ದ್ರಾವಣವನ್ನು ಗ್ಯಾಸ್ ಕ್ರೊಮ್ಯಾಟೋಗ್ರಫಿಗೆ ಒಳಪಡಿಸಿದರೆ ಪ್ರತಿಯೊಂದು ವಸ್ತುವಿನ ಪ್ರಮಾಣವೂ ತಿಳಿಯುತ್ತದೆ. ಕಣ್ಣಿಗೆ ಒಂದೇ ಆಗಿ ತೋರುವ ಆಫ್ರಿಕದ ಎರಡು ಅನಾಫಿಲಿಸ್ ಪ್ರಭೇದಗಳನ್ನು 1980ರಲ್ಲಿ ಕಾರ್ಲ್‌ಸನ್ ಮತ್ತು ಸರ್ವಿಸ್ ಹೀಗೆಯೇ ಬೇರ್ಪಡಿಸಿದರು. 1986ರಲ್ಲಿ ಮಿಲಿಗನ್ ಮತ್ತು ಸಂಗಡಿಗರು ನಮ್ಮ ಹಳ್ಳಿಗಾಡಿನ ಮುಖ್ಯ ಮಲೇರಿಯಾ ವಾಹಕವಾದ ಅನಾಫಿಲಿಸ್ ಕ್ಯುಲಿಸಿಫೇಸೀಸ್‌ಗೆ ಇದೇ ಕ್ರಮವನ್ನು ಅನ್ವಯಿಸಿದರು.

ಈ ಕ್ರಮದ ಹಿರಿಮೆಯನ್ನು ಒಪ್ಪಲೇಬೇಕು. ಕ್ಯುಲಿಸಿಫೇಸೀಸ್ ಒಂದಲ್ಲ, ಸೋದರ ಪ್ರಭೇದಗಳ ಸಮೂಹವೆಂಬುದನ್ನು 1980ರಲ್ಲಿ ವರ್ಣತಂತುಗಳ ಪರೀಕ್ಷೆ ತೋರಿಸಿತು. ಅವುಗಳಲ್ಲಿ ‘ಎ’ ಎಂಬುದು ರೋಗವನ್ನು ಹರಡುವುದರಲ್ಲಿ ಸಮರ್ಥ, ‘ಬಿ’ ದುರ್ಬಲ. ಆದರೆ ಆ ಪರೀಕ್ಷೆಗೆ ಮೊಟ್ಟೆಗಳು ಅರ್ಧ ಬೆಳೆದಿರುವ ಹೆಣ್ಣು ಸೊಳ್ಳೆಯೇ ಬೇಕು. ಗಂಡು ಆಗದು, ಒಣಗಿದ್ದು ಆಗದು. ಮೈಲೇಪಕ್ಕೆ ಈ ನಿರ್ಬಂಧವಿಲ್ಲ. ಒಣಗಿಸಿಟ್ಟ ಇರುವೆಗಳ ಲೇಪ ಸುಮಾರು 20 ವರ್ಷಗಳ ತರುವಾಯವೂ ಉಳಿದಿರುವುದು ಕಂಡುಬಂದಿದೆ. ಸಂಗ್ರಹಾಲಯದ ಸೂಜಿಗೆ ಚುಚ್ಚಿದ ಕೀಟವೂ ಒಂದು ದಾಖಲೆಯೆಂದು ಇತಿಹಾಸಕಾರನಿಗೆ ತೋರುವುದು ಇಲ್ಲಿಯೇ.

ದಾಖಲೆಯೆಂದ ಮೇಲೆ ಅದರ ಪ್ರಾಮಾಣ್ಯವನ್ನು ಕೇಳಬೇಕಷ್ಟೆ. ಮೈಲೇಪವೆಲ್ಲ ಹುಟ್ಟಿನಿಂದ ಬಂದುದಲ್ಲ. ವಯಸ್ಸು, ಲಿಂಗ, ಪರಿಸರಗಳಿಗೆ ತಕ್ಕಂತೆ ಅದು ಬದಲಾಗುತ್ತದೆ. ರೊಪಾಲಿಡಿಯ ಮಾರ್ಜಿನೇಟ ಎಂಬ ಕಣಜವು ತನ್ನ ಗೂಡಿನವರನ್ನು ಗುರುತಿಸುವ ಚಿಹ್ನೆಗಳನ್ನು ಗೂಡಿನಿಂದಲೂ ಜೊತೆಗಾರರಿಂದಲೂ ಪಡೆಯುತ್ತದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಮತ್ತು ಸಹೋದ್ಯೋಗಿಗಳು 1988ರಲ್ಲಿಯೇ ತೋರಿಸಿದ್ದಾರೆ. ಮೈಮೇಲಿನ ಗುರುತು ಮನೆಯಿಂದಲೂ ಅಂಟಬಹುದಾದರೆ, ಅದೊಂದರಿಂದಲೇ ಕುಲವನ್ನು ನಿರ್ಣಯಿಸುವುದು ಹೇಗೆ? ಇನ್ನೊಂದು ಆಕ್ಷೇಪ ಇದಕ್ಕಿಂತ ಗುರುತರವಾದುದು. ಕ್ಯುಲಿಸಿಫೇಸೀಸ್‌ನಲ್ಲಿ ಯಾವುದು ‘ಎ’, ಯಾವುದು ‘ಬಿ’ ಎಂಬುದನ್ನು ಮೊದಲು ವರ್ಣತಂತುಗಳಿಂದ ತಿಳಿದ ಬಳಿಕವೇ ಲೇಪದ ಅಂಕಿಗಳಿಗೆ ಅರ್ಥ ಬರುತ್ತದೆ. ಶಾಸನದ ಕಾಗದದ ಪ್ರತಿಯು ಕಲ್ಲನ್ನು ತಿದ್ದಲಾರದು.

ಹೆಸರುಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. 1937ರಲ್ಲಿ ಸ್ವೀಟ್ ಮತ್ತು ರಾವ್ ಮೊಟ್ಟೆಯ ತೇಲುಚೀಲದ ಏಣುಗಳನ್ನೆಣಿಸಿ ಅನಾಫಿಲಿಸ್ ಸ್ಟೆಫೆನ್ಸಿಯ ಒಂದು ಬಗೆಗೆ ‘ಮೈಸೊರೆನ್ಸಿಸ್’ ಎಂದು ಹೆಸರಿಟ್ಟರು. ಇದು ದುರ್ಬಲ ವಾಹಕವೆಂದು ಎಣಿಸಲ್ಪಟ್ಟಿದೆ. ಹೆಸರಿನಲ್ಲಿ ಮೈಸೂರಿದೆಯೆಂದು ಪಟ್ಟಣದ ಜ್ವರವನ್ನು ಇದರ ತಲೆಗೆ ಕಟ್ಟುವುದು ಅನ್ಯಾಯ.

ಕ್ಯುಲಿಸಿಫೇಸೀಸ್, ಸ್ಟೆಫೆನ್ಸಿ ಎರಡಕ್ಕೂ ಶಾಸ್ತ್ರೀಯ ನಾಮಕರಣವಾದದ್ದು 1901ರಲ್ಲಿ, ಮುತ್ತಿಗೆಯಾಗಿ ನೂರು ವರ್ಷ ಕಳೆದ ಮೇಲೆ. ಆದುದರಿಂದ 1799ರ ಜ್ವರದ ಬಗ್ಗೆ ಈ ಕ್ರಮ ಮೂಕವೇ ಸರಿ. 1930ರ ದಶಕದ ಸಂಗ್ರಹಗಳು ಎಲ್ಲಿಯಾದರೂ ಉಳಿದಿದ್ದರೆ ಮಾತು ಬೇರೆ. 20 ವರ್ಷಕ್ಕೆ ಕಂಡದ್ದು 90 ವರ್ಷಕ್ಕೂ ಸಲ್ಲುವುದೆಂದು ಮೊದಲೇ ನಂಬದೆ, ಪ್ರತಿ ಸೊಳ್ಳೆಯ ಒಂದು ಕಾಲನ್ನು ಡಿ.ಎನ್.ಎ. ಪರೀಕ್ಷೆಗೆ ಕೊಟ್ಟು, ಉಳಿದ ಮೈಯನ್ನು ಹೆಕ್ಸೇನಿನಲ್ಲಿ ಅದ್ದಿ, ಎರಡರ ಫಲವನ್ನೂ ಒಟ್ಟಿಗೆ ಪ್ರಕಟಿಸಬೇಕು.