ಬೆರಳಿಗೊಂದು ದರ

2025ರ ನವೆಂಬರ್ 21ರಂದು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹೊಗಳುವವರಿಗೂ ಬೈಯುವವರಿಗೂ ಒಂದು ವಿಷಯದಲ್ಲಿ ಒಮ್ಮತವಿದೆ: ಎಲ್ಲ ಹೊಸದಾಯಿತು. ಸಾಮಾಜಿಕ ಭದ್ರತಾ ಸಂಹಿತೆಯ ನಾಲ್ಕನೇ ಅನುಸೂಚಿಯನ್ನು ಬಿಡಿಸಿ ನೋಡಿದವರು ಹಾಗೆನ್ನಲಾರರು. ಅಂಗ ಹೋದಾಗ ದುಡಿಯುವ ಶಕ್ತಿ ಶೇಕಡ ಎಷ್ಟು ಹೋಯಿತು ಎಂದು ಹೇಳುವ ಪಟ್ಟಿ ಅದು. 1923ರ ಪರಿಹಾರ ಕಾಯ್ದೆಗೆ ಅಂಟಿಕೊಂಡಿದ್ದ ಪಟ್ಟಿಯೇ ಹೊಸ ಹೊದಿಕೆಯಲ್ಲಿ ಕೂತಿದೆ.

ಸಂಹಿತೆಯಲ್ಲಿ ಒಳ್ಳೆಯದೇನೂ ಇಲ್ಲವೆಂದಲ್ಲ. ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯ ಅಪಘಾತಕ್ಕೂ ಪರಿಹಾರವಿದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಮಿಕರಿಗೆ ಅದು 2010ರಿಂದಲೇ ಇತ್ತು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಪಟ್ಟಿಯನ್ನೇ ಓದೋಣ. ಭುಜದ ಕೆಳಗೆ ಉಳಿದ ಮೋಟು 20.32 ಸೆಂಟಿಮೀಟರಿಗಿಂತ ಗಿಡ್ಡವಾದರೆ ಶೇ 80. ಈ .32 ಎಂಟು ಇಂಚಿನ ಬಾಕಿ. ಅಳತೆ ಮೆಟ್ರಿಕ್ ಆದಾಗ ಯಾರೂ ಕೂತು ಯೋಚಿಸಲಿಲ್ಲ, ಗುಣಿಸಿ ಬರೆದರು. ಬೆರಳುಗಳಿಗೆ ಬನ್ನಿ. ತೋರುಬೆರಳು ಪೂರ್ತಿ ಹೋದರೆ 14, ಎರಡು ಗೆಣ್ಣಾದರೆ 11, ಒಂದಾದರೆ 9, ಮೂಳೆ ಉಳಿದು ತುದಿ ಮಾತ್ರ ಕತ್ತರಿಸಿದರೆ 5. ನಡುಬೆರಳು 12. ಉಂಗುರಬೆರಳು, ಕಿರುಬೆರಳು ತಲಾ 7. ಬಲಗೈ, ಎಡಗೈ ಎಂಬ ಭೇದವಿಲ್ಲ. ಎರಡಕ್ಕೂ ಒಂದೇ ದರ ಎಂದು ತಲೆಬರಹವೇ ಸಾರುತ್ತದೆ.

ಈಗ ಕೂಡಿಸಿ. ತೋರುಬೆರಳೂ ನಡುಬೆರಳೂ ಹೋದರೆ 14 ಮತ್ತು 12, ಅಂದರೆ 26 ಆಗಬೇಕು. ಆದರೆ ‘ಒಂದು ಕೈಯ ಎರಡು ಬೆರಳು’ ಎಂಬ ಬೇರೆ ಸಾಲಿದೆ, ಅಲ್ಲಿ 20. ಉಂಗುರ, ಕಿರುಬೆರಳು ಹೋದವನಿಗೆ 14ರ ಬದಲು 20. ತಿಂಗಳಿಗೆ 15,000 ರೂಪಾಯಿ ಸಂಬಳದ ಇಎಸ್‌ಐ ಕಾರ್ಮಿಕನ ದುಡಿಯುವ ಶಕ್ತಿ ಪೂರ್ತಿ ಹೋದರೆ ಸಿಗುವ ದರ ಸಂಬಳದ ಶೇ 90, ಅಂದರೆ 13,500. ಅದರಲ್ಲಿ ಶೇ 26 ಎಂದರೆ 3,510, ಶೇ 20 ಎಂದರೆ 2,700. ಹಿಡಿಯಲು, ಚಿಮುಟಲು, ಬೋಲ್ಟು ತಿರುಗಿಸಲು ಬೇಕಾದ ಎರಡೇ ಬೆರಳು ಕಳೆದುಕೊಂಡವನಿಗೆ ತಿಂಗಳಿಗೆ 810 ರೂಪಾಯಿ ಕಡಿತ, ಬದುಕಿರುವವರೆಗೆ.

ವಕೀಲರು ತಕ್ಷಣ ಸುಪ್ರೀಂ ಕೋರ್ಟ್ ತೋರಿಸುತ್ತಾರೆ. ಪ್ರತಾಪ ನಾರಾಯಣ ಸಿಂಗ್ ದೇವ್ ಪ್ರಕರಣದಲ್ಲಿ ಮೊಣಕೈ ಮೇಲೆ ಎಡಗೈ ಕಳೆದುಕೊಂಡ ಬಡಗಿಗೆ ಕೋರ್ಟು ಶೇ 100 ನಷ್ಟವನ್ನು ಎತ್ತಿಹಿಡಿಯಿತು. ಒಂದೇ ಕೈಯಲ್ಲಿ ಬಡಗಿತನ ಆಗದು ಎಂದಿತು. ತೀರ್ಪು 1975ರ ಡಿಸೆಂಬರಿನದು. ಅದನ್ನು ನೆಚ್ಚಿ ‘ಪಟ್ಟಿ ಬರೀ ಕನಿಷ್ಠ’ ಎನ್ನುವವರ ವಾದ ಪುಸ್ತಕದಲ್ಲಿ ಸರಿ. ಆದರೆ ಇಎಸ್‌ಐ ವೈದ್ಯಕೀಯ ಮಂಡಳಿಯ ಮುಂದೆ ಬ್ಯಾಂಡೇಜು ಬಿಚ್ಚಿ ಕೂರುವ, ಗುರುಗ್ರಾಮದ ಬಳಿಯ ಮಾನೇಸರದ ಕಾರ್ಖಾನೆ ಹೆಲ್ಪರ್‌ಗೆ ವಕೀಲರೆಲ್ಲಿ? ತೀರ್ಪಿನ ತಿರುಳನ್ನು ಅನುಸೂಚಿಯ ಕೆಳಗೆ ಒಂದು ಸಾಲಾಗಿ ಸೇರಿಸಲು ಸಂಸತ್ತಿಗೆ ಸುಮಾರು ಐವತ್ತು ವರ್ಷ ಸಿಕ್ಕಿತ್ತು.

ನನ್ನ ದೊಡ್ಡ ಜಗಳ ಇರುವುದು ದೆಹಲಿಯ ಹೋಟೆಲುಗಳಲ್ಲಿ ನಡೆಯುವ ವಿಮಾ ಸಮಾವೇಶಗಳ ಜೊತೆ. ಗುರುಗ್ರಾಮದ ಸೇಫ್ ಇನ್ ಇಂಡಿಯಾ ಸಂಸ್ಥೆ 2019ರಿಂದ ‘ಕ್ರಶ್ಡ್’ ವರದಿಗಳನ್ನು ತರುತ್ತಿದೆ. ವಾಹನ ಬಿಡಿಭಾಗದ ಕಾರ್ಖಾನೆಗಳಲ್ಲಿ ಬೆರಳು ತಿನ್ನುವುದು ಹೆಚ್ಚಾಗಿ ಪವರ್ ಪ್ರೆಸ್ಸೇ ಎಂದೂ, ಗಾಯಗೊಂಡ ಬಹಳ ಜನರಿಗೆ ಇಎಸ್‌ಐ ಕಾರ್ಡು ಸಿಗುವುದು ಅಪಘಾತದ ನಂತರವೇ ಎಂದೂ ಅದು ದಾಖಲಿಸಿದೆ. ವೇದಿಕೆಯವರು ಇದನ್ನೆಲ್ಲ ಒಂದು ಸ್ಲೈಡಿಗೆ ಇಳಿಸಿ, ಮರುಗಿ, ತರಬೇತಿಯ ಮಾತಿಗೆ ಹೊರಳುತ್ತಾರೆ. ಸೆನ್ಸರ್ ಕಿತ್ತುಹೋದ ಪ್ರೆಸ್ಸಿನ ಮುಂದೆ ನಿಂತವನಿಗೆ ಯಾವ ತರಬೇತಿ? ನಮ್ಮ ಪೀಣ್ಯದಲ್ಲೂ ಕೇಳುವುದು ಇದೇ ರಾಗ.

ಅಪಾಯ ಹೆಚ್ಚಿದ್ದಲ್ಲಿ ಪ್ರೀಮಿಯಂ ಹೆಚ್ಚು: ವಿಮೆಯ ಮೊದಲ ಪಾಠ. ಇಎಸ್‌ಐನಲ್ಲಿ ಅದಿಲ್ಲ. 2019ರ ಜುಲೈಯಿಂದ ಮಾಲೀಕರ ವಂತಿಗೆ ಸಂಬಳದ ಶೇ 3.25, ಕಾರ್ಮಿಕರದು 0.75. ಒಂದೇ ಗಲ್ಲಿಯ ಎರಡು ಪ್ರೆಸ್ ಶಾಪುಗಳಲ್ಲಿ ಒಂದು ವರ್ಷಕ್ಕೆ ಹತ್ತು ಬೆರಳು ತಿಂದರೂ, ಇನ್ನೊಂದು ಒಂದನ್ನೂ ತಿನ್ನದಿದ್ದರೂ ಇಬ್ಬರ ಚಲನ್ನಿನ ದರ ಅದೇ. ಇದು ಚೆನ್ನಾಗಿ ಗೊತ್ತಿರುವ ವಿಮಾಗಣಿತಜ್ಞರೇ ಮೈಕ್ ಹಿಡಿದು ಕಾರ್ಮಿಕರಲ್ಲಿ ಅರಿವು ಮೂಡಿಸಬೇಕು ಎನ್ನುತ್ತಾರೆ.