ಎರಡು ತಿಂಗಳ ವಠಾರ ಶಾಲೆ

ಕೊರೊನಾ ಕಾಲದಲ್ಲಿ ನಮ್ಮ ಶಿಕ್ಷಣ ಇಲಾಖೆ ಹೊರಡಿಸಿದ ಆದೇಶ, ಸುತ್ತೋಲೆ, ತಿದ್ದುಪಡಿ, ತಿದ್ದುಪಡಿಯ ಮೇಲಿನ ಸ್ಪಷ್ಟನೆಗಳಲ್ಲಿ ಹೆಚ್ಚಿನವನ್ನು ಮರೆತರೆ ನಷ್ಟವೇನಿಲ್ಲ. ವಿದ್ಯಾಗಮದ ಮಾತು ಬೇರೆ. 2020ರ ಆಗಸ್ಟ್‌ನಲ್ಲಿ ಶುರುವಾಗಿ ಅಕ್ಟೋಬರ್ 10ರಂದು ನಿಂತುಹೋದ ಈ ಕಾರ್ಯಕ್ರಮದ ಮೇಲೆ ಆಗ ನಡೆದದ್ದು ಬರೀ ಪರ-ವಿರೋಧದ ಕೂಗಾಟ. ಅದನ್ನು ಸಮಾಧಾನದಿಂದ ತೂಗಿ ನೋಡುವ ಕೆಲಸ ಬಾಕಿ ಉಳಿದಿದೆ. ಹತ್ತೊಂಬತ್ತು ತಿಂಗಳು ಚಿಕ್ಕ ಮಕ್ಕಳ ಶಾಲೆ ಮುಚ್ಚಿಟ್ಟ ಈ ರಾಜ್ಯದಲ್ಲಿ ಆ ಮಕ್ಕಳ ಎದುರಿಗೆ ಹೋಗಿ ಕೂತ ಸರ್ಕಾರಿ ಯೋಜನೆ ನನಗೆ ಕಂಡಂತೆ ಇದೊಂದೇ. ಕೈಬಿಡುವಾಗ ಅಷ್ಟು ಸಲೀಸಾಗಿ ಕೈಬಿಟ್ಟದ್ದೂ ಇದನ್ನೇ.

ಯೋಜನೆ ಸರಳವಾಗಿತ್ತು. ಶಾಲೆಯ ಬಾಗಿಲು ತೆಗೆಯುವ ಹಾಗಿಲ್ಲ ಅಂದಮೇಲೆ ಮೇಷ್ಟ್ರೇ ಊರೊಳಗೆ ಹೋಗಲಿ. ಸರ್ಕಾರಿ ಶಾಲೆಯ ಪ್ರತಿ ಶಿಕ್ಷಕರಿಗೆ ಇಂತಿಷ್ಟು ಮಕ್ಕಳು ಎಂದು ಹಂಚಿದರು. ದೇವಸ್ಥಾನದ ಜಗುಲಿ, ಸಮುದಾಯ ಭವನ, ಅರಳಿಕಟ್ಟೆ, ಯಾರದೋ ಮನೆಯ ಪಡಸಾಲೆ, ಎಲ್ಲಿ ಜಾಗವೋ ಅಲ್ಲಿ ಚಾಪೆ ಹಾಸಿ ದೂರದೂರ ಕೂರಿಸಿದರು. ಜನ ಇದಕ್ಕೆ ವಠಾರ ಶಾಲೆ ಅಂದರು.

ಇದರ ಬೆಲೆ ತಿಳಿಯಬೇಕಾದರೆ ಅದಕ್ಕೂ ಹಿಂದಿನ ಎರಡು-ಮೂರು ತಿಂಗಳು ನಾವು ಯಾವುದರ ಬಗ್ಗೆ ಜಗಳವಾಡುತ್ತಿದ್ದೆವು ಎಂದು ನೆನೆಯಬೇಕು. ಜೂನ್‌ನಲ್ಲಿ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದು ನಿಷೇಧ ಹಾಕಿತು. ಕೆಲವು ಪೋಷಕರು ಕೋರ್ಟಿಗೆ ಹೋದರು. ಜುಲೈ 8ರಂದು ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ವಾದವೆಲ್ಲ ಲ್ಯಾಪ್‌ಟಾಪ್ ಇದ್ದ ಮನೆಗಳದ್ದು. ಉಳಿದವರ ಪಾಲಿಗೆ ಚಂದನ ವಾಹಿನಿಯಲ್ಲಿ ಸೇತುಬಂಧ ಎಂಬ ಕಾರ್ಯಕ್ರಮದ ಪಾಠ ಬಂತು. ಮಕ್ಕಳು ಅದನ್ನು ನೋಡಲೆಂದು ಗದಗ ಜಿಲ್ಲೆಯ ತಾಯಿಯೊಬ್ಬರು ತಾಳಿ ಅಡವಿಟ್ಟು ಟಿ.ವಿ. ತಂದ ಸುದ್ದಿ ಆಗ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಆ ತಾಯಿಯ ತ್ಯಾಗವನ್ನು ಹೊಗಳಿದವರೇ ಹೆಚ್ಚು. ಸಾರ್ವಜನಿಕ ಶಿಕ್ಷಣಕ್ಕೆ ತಾಳಿಯ ಜಾಮೀನು ಯಾಕೆ ಬೇಕಾಯಿತು ಎಂದು ಕೇಳಿದವರು ಕಡಿಮೆ. ಫೋನಿನ ಕತೆಯೂ ಹೀಗೆಯೇ. ಮನೆಯಲ್ಲಿರುವ ಒಂದೇ ಫೋನು ಬೆಳಿಗ್ಗೆ ಅಪ್ಪನ ಜೇಬು ಸೇರಿ ಹೊಲಕ್ಕೋ ಗಾರೆ ಕೆಲಸಕ್ಕೋ ಹೋಗುತ್ತದೆ. ಮೇಷ್ಟ್ರ ವಾಟ್ಸಾಪ್ ಹತ್ತು ಗಂಟೆಗೆ ಬಂದರೆ ಮಗು ಅದನ್ನು ಕಾಣುವುದು ರಾತ್ರಿ, ಕರೆನ್ಸಿ ಉಳಿದಿದ್ದರೆ. ಮಲೆನಾಡಲ್ಲಿ, ಕರಾವಳಿಯ ಒಳಗಿನ ಊರುಗಳಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಮಕ್ಕಳ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಜೀನ್ ಡ್ರೇಜ್, ರೀತಿಕಾ ಖೇರಾ ಮೊದಲಾದವರು ಕರ್ನಾಟಕವೂ ಸೇರಿದಂತೆ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ 2021ರ ಆಗಸ್ಟ್‌ನಲ್ಲಿ ನಡೆಸಿದ ಸಮೀಕ್ಷೆ ಬಡ ಕುಟುಂಬಗಳನ್ನೇ ಆರಿಸಿಕೊಂಡು ಮಾತಾಡಿಸಿತ್ತು. ಅಲ್ಲಿ ಹಳ್ಳಿಯ ಮಕ್ಕಳಲ್ಲಿ ನಿಯಮಿತವಾಗಿ ಆನ್‌ಲೈನ್ ಕಲಿಯುತ್ತಿದ್ದವರು ನೂರಕ್ಕೆ 8 ಮಂದಿ. ಏನನ್ನೂ ಓದದೆ ಇದ್ದವರು 37 ಮಂದಿ.

ವಿದ್ಯಾಗಮ ಈ ಗೋಜಿಗೆ ಹೋಗದೆ ಮಗುವಿನ ಹತ್ತಿರಕ್ಕೇ ನಡೆಯಿತು. ಚಿಕ್ಕ ತರಗತಿಗಳ ಮಟ್ಟಿಗೆ ಇದು ಎಷ್ಟು ಮುಖ್ಯವೆಂದು ನಲಿ-ಕಲಿ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಹಬ್ಬಿದ ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಗುಂಪುಗುಂಪಾಗಿ ನೆಲದ ಮೇಲೆ ಕೂರುತ್ತಾರೆ, ಕಾರ್ಡು ಹಿಡಿದು ತಮ್ಮ ತಮ್ಮ ಮೆಟ್ಟಿಲು ಹತ್ತುತ್ತಾರೆ, ಸಣ್ಣವರಿಗೆ ದೊಡ್ಡವರು ತೋರಿಸಿಕೊಡುತ್ತಾರೆ. ಇಡೀ ವ್ಯವಸ್ಥೆ ನಿಂತಿರುವುದು ಮುಟ್ಟುವುದರ ಮೇಲೆ, ಪಕ್ಕದಲ್ಲಿ ಕೂರುವುದರ ಮೇಲೆ. ಇದನ್ನು ಟಿ.ವಿ.ಯಲ್ಲಿ ತೋರಿಸಲು ಬರುವುದಿಲ್ಲ. ಅಕ್ಷರ ತಿದ್ದುವ ಮಗುವಿನ ಕೈ ಹಿಡಿಯುವವರು ಬೇಕು. ಜಗುಲಿಯ ಮೇಲೆ ಆ ಕೈ ಅರೆಬರೆಯಾಗಿಯಾದರೂ ಸಿಕ್ಕಿತು. ಇನ್ನೊಂದು ಲಾಭವೂ ಇತ್ತು. ಪಟ್ಟಣದಿಂದ ಬಸ್ಸಿನಲ್ಲಿ ಬಂದು ಹೋಗುವ ಎಷ್ಟೋ ಶಿಕ್ಷಕರು ಮಕ್ಕಳ ಕೇರಿ, ಮನೆಗಳನ್ನು ಅಷ್ಟು ಹತ್ತಿರದಿಂದ ಕಂಡದ್ದು ಆಗಲೇ. ಯಾವ ಹುಡುಗಿ ತಮ್ಮನನ್ನು ಎತ್ತಿಕೊಂಡು ಪಾಠಕ್ಕೆ ಬರುತ್ತಾಳೆ, ಯಾವ ಹುಡುಗ ಇಟ್ಟಿಗೆ ಗೂಡಿಗೆ ಹೋಗತೊಡಗಿದ್ದಾನೆ, ಯಾರ ಮನೆಯಲ್ಲಿ ಮಗಳಿಗೆ ಗಂಡು ನೋಡುತ್ತಿದ್ದಾರೆ, ಇದೆಲ್ಲ ಹಾಜರಿ ಪುಸ್ತಕದಲ್ಲಿ ಬರುವುದಿಲ್ಲ.

ಹಾಗೆಂದು ವಿದ್ಯಾಗಮವನ್ನು ತಲೆಯ ಮೇಲೆ ಹೊತ್ತು ಮೆರೆಸಲಾರೆ. ಅದರ ಹೆಣಿಗೆಯಲ್ಲೇ ಒಂದು ತಪ್ಪಿತ್ತು. ಮಕ್ಕಳನ್ನು ಮೂರು ಗುಂಪು ಮಾಡಿದ್ದು ಅವರ ಕಲಿಕೆ ನೋಡಿ ಅಲ್ಲ, ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯೋ, ಬರೀ ಫೋನ್ ಇದೆಯೋ, ಏನೂ ಇಲ್ಲವೋ ಎಂದು ನೋಡಿ. ಸ್ಮಾರ್ಟ್‌ಫೋನ್ ಇರುವ ಮನೆಯಲ್ಲೂ ಓದಲು ಬಾರದ ಮಗು ಇರುತ್ತದೆ. ಏನೂ ಇಲ್ಲದ ಮನೆಯಲ್ಲಿ ಪುಸ್ತಕ ಗಟಗಟ ಓದುವ ಹುಡುಗಿ ಇರುತ್ತಾಳೆ. ಬಡತನವನ್ನು ಅಳೆದು ಅದನ್ನೇ ಕಲಿಕೆಯ ಅಳತೆ ಎಂದುಕೊಂಡರೆ ಹೇಗೆ? ಖಾಸಗಿ ಶಾಲೆಯ ಮಕ್ಕಳು ಇದರ ಲೆಕ್ಕದಲ್ಲೇ ಇರಲಿಲ್ಲ. ಖಾಸಗಿ ಎಂದರೆ ಎಲ್ಲವೂ ಹವಾನಿಯಂತ್ರಿತ ಶಾಲೆಯಲ್ಲ. ಹೋಬಳಿ ಊರಿನ ಬಾಡಿಗೆ ಕಟ್ಟಡದ ಕಾನ್ವೆಂಟಿಗೆ ಹೋಗುತ್ತಿದ್ದ ಮಗುವಿಗೆ ಆನ್‌ಲೈನೂ ಇಲ್ಲ, ಜಗುಲಿಯೂ ಇಲ್ಲ. ಅಲ್ಲಿನ ಟೀಚರ್‌ಗಳ ಪಾಡು ಇನ್ನೂ ಕಷ್ಟ. ಫೀ ಬರದೆ ಸಂಬಳ ನಿಂತು, ಪಾಠ ಮಾಡುತ್ತಿದ್ದವರು ತರಕಾರಿ ಮಾರಿದರು, ಕೂಲಿಗೆ ಹೋದರು. 2021ರ ಜೂನ್‌ನಲ್ಲಿ ಸರ್ಕಾರ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ಪ್ರಕಟಿಸಿದ್ದು 5,000 ರೂಪಾಯಿ, ಅದೂ ಒಂದೇ ಸಲಕ್ಕೆ.

ಸರ್ಕಾರಿ ಶಿಕ್ಷಕರಿಗೆ ಸಂಬಳ ಬರುತ್ತಿತ್ತು, ರಕ್ಷಣೆ ಮಾತ್ರ ಇರಲಿಲ್ಲ. ಲಸಿಕೆ ಇನ್ನೂ ಬಂದಿರದ, ರಾಜ್ಯದಲ್ಲಿ ದಿನಕ್ಕೆ ಹತ್ತು ಸಾವಿರದ ಆಸುಪಾಸು ಹೊಸ ಸೋಂಕು ಕಾಣುತ್ತಿದ್ದ ಹೊತ್ತಿನಲ್ಲಿ ಅವರನ್ನು ಕೇರಿಕೇರಿಗೆ ಕಳಿಸಲಾಯಿತು. ಶಿಕ್ಷಕರು ತೀರಿಕೊಂಡ ಸುದ್ದಿಗಳು ಒಂದರ ಹಿಂದೊಂದು ಬಂದವು, ಮಕ್ಕಳಿಗೂ ಸೋಂಕು ತಗುಲಿದ ವರದಿ ಬಂತು. ಅದು ತಗುಲಿದ್ದು ಜಗುಲಿಯಲ್ಲೋ ಸಂತೆಯಲ್ಲೋ ಮದುವೆ ಮನೆಯಲ್ಲೋ ಎಂದು ಬಿಡಿಸಿ ಹೇಳುವುದು ಸಾಧ್ಯವಿರಲಿಲ್ಲ. ಆದರೂ ಶಿಕ್ಷಕರ ಭಯ ನ್ಯಾಯದ್ದು, ವಿರೋಧ ಪಕ್ಷಗಳು ದನಿ ಎತ್ತಿದ್ದೂ ಸರಿಯೇ. ನಿಲ್ಲಿಸಿದ್ದಕ್ಕಿಂತ ನನಗೆ ತಕರಾರಿರುವುದು ಆಮೇಲಿನ ನಡೆಗೆ. ತಪಾಸಣೆ, ವಿಮೆ, ವಯಸ್ಸಾದ, ಕಾಯಿಲೆಯ ಶಿಕ್ಷಕರಿಗೆ ವಿನಾಯಿತಿ, ಸೋಂಕು ಕಡಿಮೆಯಿರುವ ತಾಲ್ಲೂಕುಗಳಲ್ಲಿ ಮುಂದುವರಿಕೆ, ಹೀಗೆ ರಿಪೇರಿ ಮಾಡುವ ದಾರಿಗಳಿದ್ದವು. ಸರ್ಕಾರ ದಸರೆಗೆ ಮೂರು ವಾರ ರಜೆ ಘೋಷಿಸಿತು. 2021ರ ಜನವರಿಯಲ್ಲಿ ವಿದ್ಯಾಗಮ ಶಾಲೆಯ ಆವರಣದಲ್ಲಿ ಮತ್ತೆ ಶುರುವಾದಾಗ ಅದು ಇದ್ದದ್ದು ಆರನೇ ತರಗತಿಯಿಂದ ಮೇಲಿನವರಿಗೆ. ಒಂದರಿಂದ ಐದರವರು ಹೊರಗೇ ಉಳಿದರು.

ಅಪಾಯಕ್ಕೆ ಹೆದರಿ ಹೀಗೆ ಮಾಡಿದರು ಅನ್ನೋಣವೇ? ಆ ಮಾತು ನಿಲ್ಲುವುದಿಲ್ಲ. 2020ರ ಜೂನ್ 25ರಿಂದ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಕೂರಿಸಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಸಿದ್ದು ಇದೇ ಇಲಾಖೆ. ಮಾಸ್ಕ್, ಥರ್ಮಲ್ ಸ್ಕ್ಯಾನರ್, ಬಸ್ಸು, ಹೆಚ್ಚುವರಿ ಕೇಂದ್ರ, ಎಲ್ಲವೂ ಅಚ್ಚುಕಟ್ಟಾಗಿ ಒದಗಿದವು. ಆ ದಕ್ಷತೆಯನ್ನು ನಾನೂ ಮೆಚ್ಚುತ್ತೇನೆ. ವಿದ್ಯಾಗಮ ನಿಂತ ಎರಡು ತಿಂಗಳಿಗೆ, ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಮತಗಟ್ಟೆಗಳಾದದ್ದು ಅವೇ ಶಾಲಾ ಕೋಣೆಗಳು, ಮತಗಟ್ಟೆಯಲ್ಲಿ ಕೂತವರು ಅದೇ ಮೇಷ್ಟ್ರುಗಳು. ಮರುವರ್ಷ ಶಾಲೆಗಳನ್ನು ಮೇಲಿನಿಂದ ಕೆಳಕ್ಕೆ ತೆರೆದರು: ಒಂಬತ್ತರಿಂದ ಮೇಲಿನವು ಆಗಸ್ಟ್ 23ಕ್ಕೆ, ಆರರಿಂದ ಎಂಟು ಸೆಪ್ಟೆಂಬರ್ 6ಕ್ಕೆ, ಒಂದರಿಂದ ಐದು ಅಕ್ಟೋಬರ್ 25ಕ್ಕೆ. ಚಿತ್ರಮಂದಿರಗಳಿಗೆ ಅಕ್ಟೋಬರ್ 1ರಿಂದಲೇ ಪೂರ್ತಿ ಭರ್ತಿಗೆ ಅನುಮತಿ ಸಿಕ್ಕಿತ್ತು. ಪರೀಕ್ಷೆ ಬರೆಯುವವರಿಗೆ, ಮತ ಹಾಕುವವರಿಗೆ, ಟಿಕೆಟ್ ಕೊಳ್ಳುವವರಿಗೆ ದಾರಿ ಮಾಡಿಕೊಡಲು ಬರುತ್ತಿತ್ತು ನಮಗೆ. ಆರು ವರ್ಷದ ಮಗು ಈ ಮೂರರಲ್ಲಿ ಯಾವುದೂ ಆಗಿರಲಿಲ್ಲ.

ಆದ ಹಾನಿಗೆ ಲೆಕ್ಕ ಸಿಗುತ್ತದೆ. ಗ್ರಾಮೀಣ ಕರ್ನಾಟಕದಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿಯವರು 2018ರಲ್ಲಿ ನೂರಕ್ಕೆ 19ರಷ್ಟಿದ್ದರು ಎಂದಿತ್ತು ಅಸರ್ ಸಮೀಕ್ಷೆ. 2021ರ ಆರಂಭದಲ್ಲಿ ಅದು 10ರ ಹತ್ತಿರಕ್ಕೆ ಇಳಿದಿತ್ತು. ಮೊದಲಿನ 19 ಕೂಡ ಹೆಮ್ಮೆಯ ಸಂಖ್ಯೆಯೇನಲ್ಲ ಎನ್ನುವುದು ಬೇರೆ ಮಾತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳಲ್ಲಿ 16,067 ಮಕ್ಕಳನ್ನು ಪರೀಕ್ಷಿಸಿದಾಗ 92 ಪ್ರತಿಶತ ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಭಾಷಾ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಕಲಿಯದೆ ಹೋದದ್ದು ಒಂದು ಕಡೆ, ಕಲಿತದ್ದು ಕೈಜಾರಿದ್ದು ಇನ್ನೊಂದು ಕಡೆ. ಈ ಅಂಕಿಗಳಿಂದ ವಿದ್ಯಾಗಮ ಸೋತಿತೆಂದೋ ಗೆದ್ದಿತೆಂದೋ ಹೇಳಲಾಗದು. ಅಳತೆ ನಡೆಯುವ ಹೊತ್ತಿಗೆ ಅದು ನಿಂತು ತಿಂಗಳುಗಳಾಗಿದ್ದವು. ಕಲಿಕೆಯ ಅಂಕಿಗಳಲ್ಲಿ ಕಾಣದ ನಷ್ಟವೂ ಇದೆ. ಬಿಸಿಯೂಟದ ಬದಲು ಅಕ್ಕಿ-ಬೇಳೆ ಮನೆಗೆ ಹೋಯಿತು. ಮನೆಗೆ ಹೋದ ಅಕ್ಕಿ ಮಗುವಿನ ತಟ್ಟೆಗಷ್ಟೇ ಬೀಳುವುದಿಲ್ಲ, ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಹಾಗಾಗುವುದು ಸಹಜವೂ ಹೌದು.

ಇಲಾಖೆ ಕೈಕಟ್ಟಿ ಕೂತಿರಲಿಲ್ಲ. 2022ರ ಮೇ 16ಕ್ಕೆ, ಎರಡು ವಾರ ಮುಂಚೆಯೇ ಶಾಲೆ ತೆರೆದು, ಮಳೆಬಿಲ್ಲು ಎಂಬ ಆಟಪಾಟದಿಂದ ಆರಂಭಿಸಿ, ಇಡೀ ವರ್ಷವನ್ನು ಕಲಿಕಾ ಚೇತರಿಕೆಗೆ ಮೀಸಲಿಟ್ಟಿತು. ಹಿಂದಿನ ತರಗತಿಗಳ ಸಾಮರ್ಥ್ಯವನ್ನೂ ಸೇರಿಸಿ ಹೊಸ ಕಲಿಕಾ ಹಾಳೆಗಳನ್ನು ಮಾಡಿದ್ದು ಒಳ್ಳೆಯ ಆಲೋಚನೆ. ಅದರ ಬಗ್ಗೆ ನಾವು ಮಾತಾಡಿದೆವೇ? ಆ ಬೇಸಿಗೆ ಪೂರ್ತಿ ಹೋದದ್ದು ಪಠ್ಯಪುಸ್ತಕ ಪರಿಷ್ಕರಣೆಯ ಜಗಳಕ್ಕೆ, ಅದಕ್ಕೂ ಮುಂಚಿನ ಫೆಬ್ರವರಿ ಹಿಜಾಬ್ ವಿವಾದಕ್ಕೆ. ಪಾಠದಲ್ಲಿ ಯಾರಿರಬೇಕು, ಯಾರಿರಬಾರದು ಎಂದು ನಾಡಿನ ಬುದ್ಧಿವಂತರೆಲ್ಲ ಕಚ್ಚಾಡುತ್ತಿದ್ದಾಗ ಆ ಪಾಠವನ್ನು ಓದಲೇ ಬಾರದ ಲಕ್ಷಗಟ್ಟಲೆ ಮಕ್ಕಳು ತರಗತಿಯಲ್ಲಿ ಕೂತಿದ್ದರು. ಇದರಲ್ಲಿ ಪಕ್ಷಭೇದವಿರಲಿಲ್ಲ.

ಚೇತರಿಕೆಯ ಅದೇ ವರ್ಷದಲ್ಲಿ ಸರ್ಕಾರ ಐದು ಮತ್ತು ಎಂಟನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ತಂದಿತು. ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು, ವಿಭಾಗೀಯ ಪೀಠ ಒಪ್ಪಿಗೆ ಕೊಟ್ಟಿತು, 2023ರ ಮಾರ್ಚ್ 27ರಿಂದ ಪರೀಕ್ಷೆ ನಡೆಯಿತು. ಆ ಐದನೇ ತರಗತಿಯವರು ಶಾಲೆ ಮುಚ್ಚುವಾಗ ಎರಡರಲ್ಲಿದ್ದವರು. ಅಸರ್‌ನವರು ಬಂದು ಓದಿಸಿ ನೋಡಿದ್ದು ಇದೇ ಸಾಲಿನ ಮಕ್ಕಳನ್ನು. ಮೂರನೇ ತರಗತಿ ಇವರಿಗೆ ಪೂರ್ತಿ ತಪ್ಪಿತ್ತು, ನಾಲ್ಕನೆಯದು ಅರ್ಧ ಸಿಕ್ಕಿತ್ತು. ವಿದ್ಯಾಗಮವನ್ನು ಮತ್ತೆ ಶುರುಮಾಡುವಾಗ ಇವರನ್ನು ಬಿಟ್ಟುಹೋಗಿದ್ದ ಇಲಾಖೆ ಈ ಸಲ ಪ್ರಶ್ನೆಪತ್ರಿಕೆ ಹಿಡಿದು ಇವರ ಹತ್ತಿರ ಬಂದಿತ್ತು.