ಗೋಲ್ಕೊಂಡ ಕೊನೆಗಿರಲಿ

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಧಾರವಾಡದಿಂದಲೋ ಮೈಸೂರಿನಿಂದಲೋ ನೆಂಟರು ಬಂದರೆ ಊರು ತೋರಿಸುವ ಕ್ರಮ ಹೆಚ್ಚುಕಡಿಮೆ ಮೊದಲೇ ಗೊತ್ತಾಗಿರುತ್ತದೆ. ಬೆಳಿಗ್ಗೆ ಚಾರ್‌ಮಿನಾರ್, ಮಧ್ಯಾಹ್ನ ಸಾಲಾರ್‌ಜಂಗ್ ಮ್ಯೂಸಿಯಂ, ಬಿಸಿಲು ಇಳಿಯುವ ಹೊತ್ತಿಗೆ ಗೋಲ್ಕೊಂಡ. ಬಾಗಿಲಲ್ಲಿ ಚಪ್ಪಾಳೆ ತಟ್ಟಿ, ಅರ್ಧ ಬೆಟ್ಟ ಹತ್ತಿ, ಫೋಟೊ ತೆಗೆಸಿಕೊಂಡು ಇಳಿದರೆ ಕೋಟೆಯ ಬಾಬತ್ತು ಮುಗಿಯಿತು. ಕೋಟೆಗಳ ಹುಚ್ಚು ಹತ್ತಿದವರ ಕಣ್ಣಿಗೆ ಈ ಕ್ರಮವೇ ತಲೆಕೆಳಗು. ಗೋಲ್ಕೊಂಡ ಕೊನೆಗೆ ನೋಡಬೇಕಾದ ಕೋಟೆ. ಬಂಡೆಯನ್ನೇ ಗೋಡೆ ಮಾಡಿಕೊಳ್ಳುವುದು, ಬಾಗಿಲನ್ನು ಮರೆಮಾಚುವುದು, ನೀರನ್ನು ದೂರದಿಂದ ತರುವುದು — ಅಲ್ಲಿ ಒಟ್ಟಾಗಿ ಕಾಣುವ ಈ ಜಾಣತನಗಳನ್ನು ಸುತ್ತಲಿನ ಊರುಗಳಲ್ಲಿ ಒಂದೊಂದಾಗಿ ನೋಡಬಹುದು. ಅವೆಲ್ಲ ನಸುಕಿನಲ್ಲಿ ಹೊರಟು ರಾತ್ರಿ ಊಟಕ್ಕೆ ಮನೆ ಸೇರುವಷ್ಟು ದೂರದಲ್ಲಿವೆ.

ಸ್ಕಾಟ್ಲೆಂಡಿನ ಎಡಿನ್‌ಬರೊಗೆ ಹೋದವರು ಊರ ನಡುವೆ ಜ್ವಾಲಾಮುಖಿಯ ಬಂಡೆ ಮೇಲೆ ಕೂತ ಕೋಟೆಯೊಂದನ್ನೇ ನೋಡಿ ಸುಮ್ಮನಾಗುವುದಿಲ್ಲ. ಮರುದಿನ ರೈಲು ಹತ್ತಿ ಸ್ಟರ್ಲಿಂಗ್‌ಗೆ ಹೋಗುತ್ತಾರೆ, ರಾಣಿ ಮೇರಿ 1542ರಲ್ಲಿ ಹುಟ್ಟಿದ ಲಿನ್‌ಲಿತ್‌ಗೋ ಅರಮನೆಗೆ ಹೋಗಿ ಸಂಜೆ ಮರಳುತ್ತಾರೆ. ಅಲ್ಲಿ ಅದೊಂದು ದೊಡ್ಡ ವ್ಯಾಪಾರ. ಹೈದರಾಬಾದಿನ ಸುತ್ತಲಿನ ಕೋಟೆಗಳು ಹಳಮೆಯಲ್ಲೂ ವೈವಿಧ್ಯದಲ್ಲೂ ಅವಕ್ಕೆ ಕಡಿಮೆಯವಲ್ಲ. ಆದರೂ ಇಲ್ಲಿನ ಭಾನುವಾರಗಳನ್ನು ಮಾಲ್‌ಗಳು ನುಂಗುತ್ತಿವೆ.

ಇನ್ನೂ ಒಂದು ಸಂಗತಿ. 1956ರ ನವೆಂಬರ್ 1ರವರೆಗೆ ಬೀದರ್, ರಾಯಚೂರು, ಕಲಬುರಗಿಗಳಿಗೂ ಹೈದರಾಬಾದೇ ರಾಜಧಾನಿ. ನಿಜಾಮರ ಸರ್ಕಾರ 1914ರಲ್ಲಿ ತೆರೆದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಗುಲಾಂ ಯಜ್ದಾನಿ ಈ ಕೋಟೆಗಳ ಕಲ್ಲುಕಲ್ಲನ್ನೂ ಬಲ್ಲವರು. ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಬಗ್ಗೆ ಅವರು ಬರೆದ ದಪ್ಪ ಇಂಗ್ಲಿಷ್ ಪುಸ್ತಕ 1947ರಲ್ಲಿ ಬಂತು. ಇಂದಿಗೂ ಬೀದರಿಗೆ ಹೊರಡುವ ಮುನ್ನ ತಿರುವಿ ಹಾಕಲು ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಮೊದಲ ಭಾನುವಾರ ಭುವನಗಿರಿಗೆ. ಆ ಕಡೆಯವರ ಬಾಯಲ್ಲಿ ಭೋನಗೀರ್. ವರಂಗಲ್ ರಸ್ತೆಯಲ್ಲಿ ಐವತ್ತು ಕಿಲೋಮೀಟರಿನೊಳಗೆ, ಸಿಕಂದರಾಬಾದಿನಿಂದ ಕಾಜಿಪೇಟೆಗೆ ಹೋಗುವ ರೈಲು ಮಾರ್ಗದಲ್ಲಿದೆ. ಊರಿನ ನೆತ್ತಿಯ ಮೇಲೆ, ಬೋರಲು ಹಾಕಿದ ಹಂಡೆಯಂತೆ, ಐನೂರು ಅಡಿಗೂ ಮಿಕ್ಕಿ ಎದ್ದು ನಿಂತ ಒಂದೇ ಬಂಡೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನಿಗೆ ತ್ರಿಭುವನಮಲ್ಲ ಎಂಬ ಬಿರುದಿತ್ತು. ಕೋಟೆ ಕಟ್ಟಿಸಿದ ಕೀರ್ತಿಯೂ ಬೆಟ್ಟಕ್ಕೆ ಹೆಸರು ಕೊಟ್ಟ ಕೀರ್ತಿಯೂ ಅವನಿಗೇ ಸಲ್ಲುತ್ತದೆ. 1076ರಿಂದ 1126ರವರೆಗೆ ಆಳಿದ, ಬಿಲ್ಹಣ ಮತ್ತು ವಿಜ್ಞಾನೇಶ್ವರರಿಗೆ ಆಶ್ರಯ ಕೊಟ್ಟ ಈ ಕನ್ನಡ ದೊರೆಯ ಕೋಟೆ ಇಷ್ಟು ಹತ್ತಿರ ಇದೆಯೆಂಬುದು ಹೈದರಾಬಾದಿನ ಎಷ್ಟೋ ಕನ್ನಡಿಗರಿಗೆ ಗೊತ್ತಿಲ್ಲ. ಮುಂದೆ ಇದು ಕಾಕತೀಯರ ಕೈಸೇರಿತು, ಆಮೇಲೆ ಸುಲ್ತಾನರದಾಯಿತು.

ಇಲ್ಲಿ ಗಮನಿಸಬೇಕಾದದ್ದು ಗೋಡೆ ಎಲ್ಲಿ ಇಲ್ಲ ಎಂಬುದನ್ನು. ಬಂಡೆ ಕಡಿದಾಗಿ ಇಳಿದ ಕಡೆ ಕಟ್ಟಿದವರು ಒಂದು ಕಲ್ಲನ್ನೂ ಇಟ್ಟಿಲ್ಲ. ಜಾರುವ ಆ ಬಂಡೆಯೇ ಗೋಡೆ. ಶತ್ರು ಕಾಲೂರಬಹುದಾದ ಜಾಗ ಹುಡುಕಿ, ಅಲ್ಲಷ್ಟೇ ಗೋಡೆ ಎಬ್ಬಿಸಿದ್ದಾರೆ. ಮೆಟ್ಟಿಲುಗಳನ್ನು ಬಂಡೆಯಲ್ಲೇ ಕಡಿದಿದ್ದಾರೆ. ನಡುನಡುವೆ ಮೆಟ್ಟಿಲೇ ಮಾಯವಾಗಿ ಬರಿಯ ಇಳಿಜಾರು ಎದುರಾದಾಗ ಚಪ್ಪಲಿ ಹಾಕಿಕೊಂಡು ಬಂದವರು ಒಮ್ಮೆ ದೇವರನ್ನು ನೆನೆಯುತ್ತಾರೆ. ಮೇಲೆ ಮಳೆನೀರು ನಿಲ್ಲುವ ಹೊಂಡಗಳು, ತುದಿಯಲ್ಲಿ ಹಾಳುಬಿದ್ದ ಬಾರಾದರಿ ಮಂಟಪ. ಹತ್ತು ಗಂಟೆಯ ಮೇಲೆ ಬಂಡೆ ಕಾಯುತ್ತದೆ, ನೆರಳಿಲ್ಲ. ಆದ್ದರಿಂದ ಆರೂವರೆ ಏಳಕ್ಕೆಲ್ಲ ಬುಡದಲ್ಲಿರಬೇಕು. ಬಂಡೆ ಹತ್ತುವುದನ್ನು ಕಲಿಸುವ ಶಾಲೆಯೂ ಇಲ್ಲಿದೆ. 2014ರ ಮೇ ತಿಂಗಳಲ್ಲಿ ಹದಿಮೂರನೇ ವಯಸ್ಸಿಗೇ ಎವರೆಸ್ಟ್ ಏರಿದ ನಿಜಾಮಾಬಾದ್ ಜಿಲ್ಲೆಯ ಮಾಲಾವತ್ ಪೂರ್ಣ ಮೊದಲು ಹತ್ತಿ ಪಳಗಿದ್ದು ಇದೇ ಕಲ್ಲಿನ ಮೇಲೆ.

ಇಳಿದ ಮೇಲೆ ಹೊತ್ತು ಉಳಿದರೆ ಆಲೇರಿನ ಬಳಿಯ ಕೊಲನುಪಾಕ ನೋಡಬಹುದು. ಚಾಲುಕ್ಯರ ಕಾಲದ ಕೊಲ್ಲಿಪಾಕೆ ಏಳುಸಾವಿರ ನಾಡಿನ ಮುಖ್ಯ ಪಟ್ಟಣ ಅದು. ಜೈನರಿಗೆ ತೀರ್ಥ, ವೀರಶೈವ ಪರಂಪರೆಗೆ ಸೋಮೇಶ್ವರ ಲಿಂಗದಿಂದ ರೇಣುಕಾಚಾರ್ಯರು ಮೂಡಿಬಂದ ಸ್ಥಳ.

ಬೀದರಿಗೆ ಮಾತ್ರ ಪೂರ್ತಿ ದಿನ ಮೀಸಲಿಡಬೇಕು. ಮುಂಬೈ ಹೆದ್ದಾರಿಯಲ್ಲಿ ಜಹೀರಾಬಾದ್‌ವರೆಗೆ ಹೋಗಿ ಬಲಕ್ಕೆ ತಿರುಗಿದರೆ ಮೂವತ್ತು ಕಿಲೋಮೀಟರ್. ಒಟ್ಟು ನೂರನಲವತ್ತರ ಆಸುಪಾಸು. ತಿರುಗಿದ ಸ್ವಲ್ಪ ಹೊತ್ತಿಗೇ ನೆಲದ ಬಣ್ಣ ಬದಲಾಗುತ್ತದೆ. ಹೈದರಾಬಾದಿನ ಬೂದು ಗ್ರಾನೈಟ್ ಹಿಂದೆ ಬಿದ್ದು ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿ ಶುರು. ಇಡೀ ಕೋಟೆಯ ಗುಟ್ಟು ಇದರಲ್ಲಿದೆ. ಗ್ರಾನೈಟ್ ಮನುಷ್ಯನ ಮಾತು ಕೇಳುವುದಿಲ್ಲ. ಅದು ನಿಂತಂತೆ ಕೋಟೆಯೂ ನಿಲ್ಲಬೇಕು. ಜಂಬಿಟ್ಟಿಗೆ ಹಾಗಲ್ಲ. ನೆಲದೊಳಗಿರುವಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ.

ಬಹಮನಿ ಸುಲ್ತಾನ ಅಹಮದ್ ಶಾ ವಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ, ಅಂದರೆ ಹದಿನೈದನೇ ಶತಮಾನದ ಮೊದಲರ್ಧದಲ್ಲಿ, ಕೆಲಸಗಾರರು ಈ ಗುಣವನ್ನು ಪೂರಾ ಬಳಸಿಕೊಂಡರು. ಊರ ಕಡೆಯ ಕಂದಕ ನೋಡಿ: ಅದು ಒಂದಲ್ಲ, ಮೂರು ಸಾಲು. ಅಗೆಯುವಾಗಲೇ ನಡುನಡುವೆ ಕಲ್ಲನ್ನು ಗೋಡೆಯ ಹಾಗೆ ಬಿಟ್ಟು, ಉಳಿದದ್ದನ್ನು ಕಡಿದು ತೆಗೆದಿದ್ದಾರೆ. ಒಂದು ಕಂದಕ ದಾಟಿದವನಿಗೆ ಇನ್ನೊಂದು ಕಾದಿರುತ್ತದೆ. ಗೋಲ್ಕೊಂಡದಲ್ಲೂ ಕಂದಕವಿದೆ, ಆದರೆ ಇಡೀ ದಖ್ಖನಿನಲ್ಲಿ ಇದಕ್ಕೆ ಸಾಟಿಯಾದ ಕಂದಕ ಸಿಗುವುದು ಅನುಮಾನ. ಒಳಗೆ ಹೋಗುವ ದಾರಿ ನೇರವಾಗಿಲ್ಲ; ಬಾಗಿಲಿನಿಂದ ಬಾಗಿಲಿಗೆ ತಿರುತಿರುಗಿ ಸಾಗುತ್ತದೆ. 1503ರ ಷರ್ಜಾ ದರ್ವಾಜಾದ ಮೇಲೆ ಎರಡು ಹುಲಿಗಳು ಕಾವಲಿವೆ.

ರಂಗೀನ್ ಮಹಲಿಗೆ ಸಾಮಾನ್ಯವಾಗಿ ಬೀಗ ಬಿದ್ದಿರುತ್ತದೆ. ಹೊರಗಿನಿಂದ ಇಣುಕಿ ಮರಳುವವರೇ ಹೆಚ್ಚು. ಅದು ತಪ್ಪು. ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ವಿನಯದಿಂದ ಕೇಳಿ ಒಳಗೆ ಹೋಗಬೇಕು. ಕೆತ್ತಿದ ಮರದ ಕಂಬಗಳು, ಬಣ್ಣದ ಹೆಂಚುಗಳು, ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಬಳ್ಳಿಗಳು. ಇದಕ್ಕೆ ಈಗಿನ ಅಂದ ಬಂದದ್ದು ಬರೀದ್‌ಶಾಹಿ ದೊರೆ ಅಲಿ ಬರೀದನ ಕಾಲದಲ್ಲಿ, ಹದಿನಾರನೇ ಶತಮಾನದಲ್ಲಿ. ಕಪ್ಪಿನ ಮೇಲೆ ಬೆಳ್ಳಗೆ ಹೊಳೆಯುವ ಈ ರುಚಿಯೇ ಊರಿನ ಬಿದರಿ ಸಾಮಾನಿನಲ್ಲೂ ಕಾಣುತ್ತದೆ. ಸತುವಿನ ಮಿಶ್ರಲೋಹವನ್ನು ಕಡುಕಪ್ಪಾಗಿಸಲು ಕುಶಲಕರ್ಮಿಗಳು ಬಳಸುವುದು ಇದೇ ಹಳೆಯ ಕೋಟೆಯ ಮಣ್ಣನ್ನು. ತಖ್ತ್ ಮಹಲಿನ ಕಮಾನಿನಲ್ಲಿ ಸೂರ್ಯನನ್ನು ಬೆನ್ನಿಗಿಟ್ಟುಕೊಂಡ ಹುಲಿಯ ಹೆಂಚುಗಳು ಇನ್ನೂ ಉಳಿದಿವೆ; ತಲೆ ಎತ್ತಿ ಹುಡುಕಬೇಕು.

ಕೋಟೆಯಿಂದ ಹೊರಬಂದು ಇರಾನಿನ ಗಿಲಾನ್ ಕಡೆಯ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ನೋಡಬೇಕು. ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಅದರ ಒಂದು ಪಾಲು ಹಾರಿಹೋಯಿತು. ಉಳಿದ ಒಂದೇ ಮಿನಾರು ಸಾಕು, ಆ ಕಾಲದ ಬೀದರ್ ಎಂಥ ಊರಾಗಿತ್ತೆಂದು ಹೇಳಲು. ಅಷ್ಟೂರಿನ ಗೋರಿಗಳಿಗೆ ಸಂಜೆಯ ಬೆಳಕು ಒಪ್ಪುತ್ತದೆ. ಅಲ್ಲಿ ಅಹಮದ್ ಶಾ ವಲಿಯ ಗೋರಿಯ ಒಳಗೋಡೆಯ ಬಣ್ಣ ಇನ್ನೂ ಮಾಸಿಲ್ಲ. ಈ ಸುಲ್ತಾನನನ್ನು ಅಲ್ಲಮಪ್ರಭುವೆಂದು ನಂಬಿ ನಡೆಯುವವರಿದ್ದಾರೆ. ಅವನ ಉರುಸಿಗೆ ಕಲಬುರಗಿ ಕಡೆಯಿಂದ ಜಂಗಮರು ಬಂದು ಮುಂದೆ ನಿಂತು ನಡೆಸಿಕೊಡುತ್ತಾರೆ. ಹೊತ್ತಿದ್ದವರು ನೌಬಾದಿನ ಸುರಂಗ ಬಾವಿಯನ್ನೂ ನೋಡಬಹುದು. ಜಂಬಿಟ್ಟಿಗೆಯಲ್ಲಿ ಇಂಗಿದ ನೀರನ್ನು ನೆಲದಡಿಯ ಕಾಲುವೆಯಲ್ಲಿ ಹರಿಸುವ, ಇರಾನಿನ ಕಡೆಯಿಂದ ಬಂದ ವಿದ್ಯೆ ಅದು.

ರಾಯಚೂರು ಸ್ವಲ್ಪ ದೂರವಾಯಿತು. ಇನ್ನೂರು ಕಿಲೋಮೀಟರ್ ಮೀರುತ್ತದೆ, ಬಿಸಿಲೂ ಹೆಸರುವಾಸಿ. ಆದರೂ ಒಂದೇ ಒಂದು ಕಲ್ಲಿಗಾಗಿ ಹೋಗಬಹುದು. ಒಳಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಹೆಚ್ಚು ಉದ್ದದ ಒಂದು ಚಪ್ಪಡಿ ಇದೆ. ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿ 1294ರಲ್ಲಿ ಕೋಟೆ ಕಟ್ಟಿಸಿದ್ದನ್ನು ಹೇಳುವ ಶಾಸನ ಅದರ ಮೇಲಿದೆ. ಹತ್ತಿರದಲ್ಲೇ, ಅಂಥ ಕಲ್ಲನ್ನು ಗಾಡಿಯ ಮೇಲೇರಿಸಿ ಸಾಲುಸಾಲು ಪಶುಗಳಿಂದ ಎಳೆಸುವ ಚಿತ್ರವನ್ನೂ ಗೀಚಿದ್ದಾರೆ. ಕೋಟೆ ಕಟ್ಟಿಸಿದವರ ಹೆಸರು ಎಲ್ಲೆಡೆ ಸಿಗುತ್ತದೆ, ಕಲ್ಲು ಹೊತ್ತು ತಂದ ಬಗೆ ಹೀಗೆ ಕಣ್ಣಿಗೆ ಬೀಳುವುದು ಅಪರೂಪ. ಸುಣ್ಣದ ಗಾರೆಯಿಲ್ಲದೆ ಜೋಡಿಸಿದ ಈ ಗೋಡೆಗಳ ಹೊರಸುತ್ತು ಬಂದದ್ದು ಆಮೇಲೆ, ಸುಲ್ತಾನರ ಕಾಲದಲ್ಲಿ. 1520ರಲ್ಲಿ ಕೃಷ್ಣದೇವರಾಯ ಇದನ್ನು ಗೆದ್ದಾಗ ಕ್ರಿಸ್ಟೊವಾವೊ ಡಿ ಫಿಗೇರೆದೊ ಎಂಬ ಪೋರ್ಚುಗೀಸನ ಬಂದೂಕುಗಾರರು ಗೋಡೆಯ ಮೇಲಿನ ಕಾವಲಿನವರನ್ನು ಗುರಿಯಿಟ್ಟು ಕೆಡವಿದರು.

ಇಷ್ಟಾದ ಮೇಲೆ ಗೋಲ್ಕೊಂಡ.

ಈಗ ಅದೇ ಕೋಟೆ ಬೇರೆಯಾಗಿ ಕಾಣುತ್ತದೆ. ಕಾಕತೀಯರ ಕಾಲದಲ್ಲಿ ಇದು ಮಣ್ಣಿನ ಕೋಟೆ. ಹದಿನಾಲ್ಕನೇ ಶತಮಾನದಲ್ಲಿ ಬಹಮನಿಗಳಿಗೆ ಸೇರಿತು. ಅವರ ಅಧಿಕಾರಿಯಾಗಿ ಬಂದ ಕುಲಿ ಕುತುಬ್ ಶಾ 1518ರಲ್ಲಿ ಸ್ವತಂತ್ರನಾದ. ಬೆಟ್ಟದ ಮೇಲೆ ಹೆಬ್ಬಂಡೆಯಿಂದ ಹೆಬ್ಬಂಡೆಗೆ ಹಾಯುವ ಗೋಡೆ ಭುವನಗಿರಿಯ ಲೆಕ್ಕಾಚಾರವೇ. ಬಾಲಾ ಹಿಸ್ಸಾರ್ ಬಾಗಿಲಿನ ಎದುರು ಅಡ್ಡ ಕಟ್ಟಿದ ಗೋಡೆ ಆನೆಗಳು ಓಡಿಬಂದು ಗುದ್ದದಂತೆ ಮಾಡಿದ ಉಪಾಯ. ಬೀದರಿನ ತಿರುವು ದಾರಿಗಳನ್ನು ಕಂಡವರಿಗೆ ಅದು ಕೂಡಲೇ ಹೊಳೆಯುತ್ತದೆ. ಅದೇ ಬಾಗಿಲಿನ ಮೇಲೆ ಯಾಳಿಗಳು, ನವಿಲುಗಳು. ದೇವಾಲಯದ ದ್ವಾರದಲ್ಲಿರಬೇಕಾದ ಯಾಳಿಗೆ ಸುಲ್ತಾನರ ಕೋಟೆಯಲ್ಲೇನು ಕೆಲಸ ಎಂದು ಬೆರಗಾಗಬೇಕಿಲ್ಲ. ಇಬ್ರಾಹಿಂ ಕುತುಬ್ ಶಾ ಪಟ್ಟಕ್ಕೆ ಬರುವ ಮುನ್ನ ಏಳು ವರ್ಷ ವಿಜಯನಗರದಲ್ಲಿ ರಾಮರಾಯನ ಆಶ್ರಯದಲ್ಲಿದ್ದವನು. 1565ರಲ್ಲಿ ಅದೇ ರಾಮರಾಯನ ವಿರುದ್ಧ ಬೇರೆ ಸುಲ್ತಾನರ ಜೊತೆಗೂಡಿದವನೂ ಅವನೇ.

ಚಪ್ಪಾಳೆಯ ವಿಷಯ. ಬಾಗಿಲಿನ ಗುಮ್ಮಟದಡಿ ತಟ್ಟಿದ್ದು ನೂರಿಪ್ಪತ್ತು ಮೀಟರ್ ಎತ್ತರದ ತುದಿಗೆ ಕೇಳಿಸುವುದು ನಿಜ. ಆದರೆ ಭಾನುವಾರ ಸಂಜೆ ನೂರು ಜನ ಒಟ್ಟಿಗೆ ತಟ್ಟುವಾಗ ಅದರಲ್ಲಿ ಸ್ವಾರಸ್ಯವೇನೂ ಉಳಿಯುವುದಿಲ್ಲ. ಅದಕ್ಕಿಂತ ಗೋಡೆಗಳಲ್ಲಿ ಹುದುಗಿರುವ ಮಣ್ಣಿನ ಕೊಳವೆಗಳನ್ನು ಹುಡುಕುವುದು ಮೇಲು. ದುರ್ಗಂ ಚೆರುವಿನಿಂದ ಬಂದ ನೀರನ್ನು ರಾಟೆಗಳಿಂದ ಹಂತಹಂತವಾಗಿ ಮೇಲೆತ್ತಿ ಈ ಕೊಳವೆಗಳಲ್ಲಿ ಅರಮನೆಗಳಿಗೆ ಹರಿಸುತ್ತಿದ್ದರು. 2020ರಲ್ಲಿ ಕೇಬಲ್ ಸೇತುವೆ ಬಂದ ಮೇಲೆ ಐಟಿ ಮಂದಿ ಸೆಲ್ಫಿಗೆ ಮುಗಿಬೀಳುವ ಕೆರೆಯೇ ಅದು. ಮೇಲೆ ಹತ್ತುವಾಗ ಭದ್ರಾಚಲ ರಾಮದಾಸನೆಂದು ಹೆಸರಾದ ಕಂಚರ್ಲ ಗೋಪನ್ನನ ಸೆರೆಮನೆ, ಇಬ್ರಾಹಿಮನ ಮಸೀದಿ, ಬಂಡೆಗಳ ನಡುವೆ ಮಹಾಕಾಳಿಯ ಗುಡಿ. ಊರಿನ ಆಷಾಢದ ಬೋನಾಲು ಹಬ್ಬ ಶುರುವಾಗುವುದು ಈ ಕೋಟೆಯಿಂದಲೇ.

1687ರಲ್ಲಿ ಔರಂಗಜೇಬ ಸುಮಾರು ಎಂಟು ತಿಂಗಳು ಮುತ್ತಿಗೆ ಹಾಕಿ ಕೂತರೂ ಗೋಡೆ ಬಗ್ಗಲಿಲ್ಲ. ಲಂಚ ತಿಂದವನೊಬ್ಬ ರಾತ್ರಿ ಬಾಗಿಲು ತೆರೆದ. ಕೊನೆಯ ಸುಲ್ತಾನ ಅಬುಲ್ ಹಸನ್ ತಾನಾಶಾ ದೌಲತಾಬಾದಿನ ಸೆರೆಗೆ ಹೋದ. ಮೊಗಲರು ಹೊಕ್ಕ ಬದಿಯ ಫತೆ ದರ್ವಾಜಾದಲ್ಲಿ ಈಗ ಆಟೊಗಳು ಹಾರನ್ ಹಾಕುತ್ತ ತೂರುತ್ತವೆ. ಹೊರಗೋಡೆಯೊಳಗೆ ಇಂದಿಗೂ ಒಂದು ಊರೇ ಬದುಕಿದೆ.

ಸಮಯದ ಮಾತು ಹೇಳಬೇಕೆಂದರೆ, ನವೆಂಬರಿನಿಂದ ಫೆಬ್ರುವರಿವರೆಗೆ ಈ ಕೋಟೆಗಳಿಗೆ ಸರಿಯಾದ ಕಾಲ. ಮಳೆಗಾಲದಲ್ಲಿ ಬೀದರ್ ಚೆಂದ, ಭುವನಗಿರಿಯ ಬಂಡೆ ಜಾರುತ್ತದೆ. ನೀರು ಮನೆಯಿಂದಲೇ ಒಯ್ಯಿರಿ, ಖಾಲಿ ಬಾಟಲಿ ವಾಪಸ್ ತನ್ನಿರಿ, ಮಕ್ಕಳ ಕೈಗೆ ಗೀಚುವಂಥದ್ದೇನನ್ನೂ ಕೊಡಬೇಡಿ. ಇಷ್ಟೆಲ್ಲ ಭಾನುವಾರಗಳು ಎಲ್ಲಿವೆ, ಒಂದೇ ಒಂದು ಹೇಳಿ ಎನ್ನುವವರಿಗೆ ಈ ಅಂಕಣದ ತೀರ್ಪು ಬೀದರ್.